ಗೂಡು ಬೇಯುವ ಊರಿನಲ್ಲಿ ಮೂಗು

ಹೊರಗಿನವರನ್ನು ಊರಿಗೆ ಕರೆದುಕೊಂಡು ಹೋದಾಗಲೆಲ್ಲ ಇದು ನಡೆಯುತ್ತದೆ. ದೇವನಹಳ್ಳಿ, ವಿಜಯಪುರ ದಾಟುವ ತನಕ ಕಾರಿನ ಗಾಜು ಇಳಿಸಿ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ ಅಂತ ಖುಷಿಯಾಗಿ ನೋಡಿಕೊಂಡು ಬಂದವರು ಶಿಡ್ಲಘಟ್ಟ ಪೇಟೆಯೊಳಕ್ಕೆ ತಿರುಗಿದ ಕೂಡಲೇ ಗಾಜು ಏರಿಸುತ್ತಾರೆ. ಮರ್ಯಾದೆಯವರು ಏನೂ ಹೇಳುವುದಿಲ್ಲ. ಸಲುಗೆಯವರು "ಏನಯ್ಯಾ ಇದು, ಏನಾದ್ರೂ ಸತ್ತಿದೆಯಾ?" ಅನ್ನುತ್ತಾರೆ. ಸತ್ತಿದೆ, ನಿಜವೇ. ಫಿಲೇಚರು ಅನ್ನುವ ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ, ಚರಕದ ಮನೆಗಳಲ್ಲಿ ರೇಷ್ಮೆಗೂಡು ಬೇಯುತ್ತಿರುತ್ತದೆ. ನೂಲು ಬಿಚ್ಚಿದ ಮೇಲೆ ಒಳಗಿನ ಬೆಂದ ಹುಳ ರಾಶಿ ಬೀಳುತ್ತದೆ. ಆ ನೀರು, ಆ ರಾಶಿ, ಎರಡೂ ಸೇರಿದ ವಾಸನೆ ಅದು. ಮನೆ ತಲುಪಿ "ಇವತ್ತು ವಾಸ್ನೆ ಜೋರಾಗೈತಲ್ಲಮ್ಮ" ಅಂದರೆ ಅಮ್ಮ ಒಂದು ಸಲ ಉಸಿರೆಳೆದು ನೋಡಿ, "ಯಾವ ವಾಸ್ನೆನೋ? ಏನೂ ಇಲ್ವಲ್ಲ" ಅನ್ನುತ್ತಾಳೆ.

ನನ್ನದು ಇಬ್ಬರ ನಡುವಿನ ಸ್ಥಿತಿ. ಬೆಂಗಳೂರು ಸೇರಿ ಬಹಳ ವರ್ಷವಾದ್ದರಿಂದ ಬಸ್ಸಿಳಿದಾಗ ವಾಸನೆ ಮುಖಕ್ಕೇ ಹೊಡೆಯುತ್ತದೆ. ಕಾಫಿ ಕುಡಿದು, ಊಟ ಮಾಡಿ, ಸಂಜೆ ಜಗಲಿ ಮೇಲೆ ಕೂರುವ ಹೊತ್ತಿಗೆ ಅದು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಹುಡುಕಿದರೂ ಸಿಗುವುದಿಲ್ಲ. ಫಿಲೇಚರುಗಳೇನೂ ಮುಚ್ಚಿರುವುದಿಲ್ಲ. ಹಾಗಾದರೆ ಊರಿನಲ್ಲಿ ವಾಸನೆ ಇದೆಯೋ ಇಲ್ಲವೋ? ಇದೆ ಎನ್ನುವ ಗೆಳೆಯನಾಗಲಿ ಇಲ್ಲ ಎನ್ನುವ ಅಮ್ಮನಾಗಲಿ ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುವ ನಾನೂ ಸುಳ್ಳು ಹೇಳುತ್ತಿಲ್ಲ. ಬಹಳ ಕಾಲದಿಂದ ಇದು ನನ್ನನ್ನು ಕೊರೆಯುತ್ತಿದೆ.

ಮೂಗು ಹೇಳುವುದೇನು

ಮನುಷ್ಯನ ಮೂಗಿನ ಮೇಲ್ತುದಿಯ ಒಳಪದರದಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು ಇವೆ. ಅವುಗಳ ಹಿಂದಿನ ಜೀನುಗಳ ಕುಟುಂಬವನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರಲ್ಲಿ ನೊಬೆಲ್ ಬಂತು. ವಾಸನೆಯ ಅಣು ಗ್ರಾಹಕಕ್ಕೆ ಅಂಟಿದಾಗ ನರಕೋಶದ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. "ವಾಸನೆ ಬಂತು" ಎಂಬ ಸುದ್ದಿ ಹೊರಡುವುದರಲ್ಲಿ ಅದರ ಪಾಲು ದೊಡ್ಡದು. ನನಗೆ ಬೆರಗು ಹುಟ್ಟಿಸುವುದು ಮುಂದಿನ ಹೆಜ್ಜೆ. ಒಳಗೆ ಬಂದ ಅದೇ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ ಆ ಬಾಗಿಲುಗಳನ್ನೇ ಬಿಗಿ ಮಾಡುತ್ತದೆ. ಸುದ್ದಿ ತಂದವನೇ ಬಾಗಿಲು ಎಳೆದುಕೊಳ್ಳುತ್ತಾನೆ. ಇದು ಸೆಕೆಂಡು, ನಿಮಿಷಗಳ ಲೆಕ್ಕದ ಕೆಲಸ. ಅದರಾಚೆಗೆ ಮಿದುಳೂ ಬದಲಾಗದೆ ಉಳಿದ ವಾಸನೆಯನ್ನು ಪಕ್ಕಕ್ಕೆ ಸರಿಸುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಪಮೇಲಾ ಡಾಲ್ಟನ್ ಮತ್ತು ಚಾರ್ಲ್ಸ್ ವೈಸಾಕಿ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ತಮ್ಮ ಮನೆಯಲ್ಲೇ ಒಂದು ವಾಸನೆಯ ಜೊತೆ ಎರಡು ವಾರ ಬದುಕಿದರು. ಆ ವಾಸನೆಗೆ ಅವರ ಮೂಗು ಮಂದವಾಯಿತು. ವಾಸನೆಯನ್ನು ತೆಗೆದ ಮೇಲೂ ಆ ಮಂದ ಕೂಡಲೇ ಹೋಗಲಿಲ್ಲ. ಎರಡು ವಾರಕ್ಕೇ ಹೀಗಾದರೆ, ಮದುವೆಯಾಗಿ ಬಂದಾಗಿನಿಂದ ಅದೇ ಗಾಳಿಯಲ್ಲಿರುವ ಅಮ್ಮನ ಮೂಗನ್ನು ಕೇಳುವುದೇ ಬೇಡ.

ಇದು ಮೂಗಿನದೊಂದೇ ಗುಣವಲ್ಲ. ಕಣ್ಣೂ ಹೀಗೆಯೇ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ 1804ರಲ್ಲೇ ಬರೆದಿಟ್ಟಿದ್ದಾನೆ: ಒಂದು ಚುಕ್ಕೆಯನ್ನು ರೆಪ್ಪೆ ಬಡಿಯದೆ ದಿಟ್ಟಿಸಿದರೆ, ಅಂಚಿನಲ್ಲಿರುವ ಮಸುಕು ಬಣ್ಣಗಳು ಮೆಲ್ಲಗೆ ಕರಗಿಹೋಗುತ್ತವೆ. 1950ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಕಣ್ಣು ಎತ್ತ ಹೊರಳಿದರೂ ಚಿತ್ರವೂ ಅದರ ಜೊತೆಗೇ ಹೊರಳುವಂತೆ ಕಾಂಟ್ಯಾಕ್ಟ್ ಲೆನ್ಸಿಗೆ ಪುಟ್ಟ ಕನ್ನಡಿ ಕೂರಿಸಿ ನೋಡಿದರು. ಕೆಲವೇ ಸೆಕೆಂಡಿನಲ್ಲಿ ಚಿತ್ರ ಮಾಯ. ಅಂದರೆ ಎದುರಿನ ಗೋಡೆ ನಮಗೆ ಕಾಣುತ್ತಲೇ ಇರುವುದು ಗೋಡೆ ಅಲ್ಲೇ ಇದೆ ಅಂತಲ್ಲ, ನಮಗೆ ತಿಳಿಯದಂತೆ ಕಣ್ಣು ಸದಾ ನಡುಗುತ್ತಿದೆ ಅಂತ. ಇಂದ್ರಿಯಗಳು ಲೋಕ ಹೇಗಿದೆ ಎಂದು ಹೇಳುವುದಕ್ಕಿಂತ, ಈಗ ಏನು ಬದಲಾಯಿತು ಎಂದು ಹೇಳುವ ಕೆಲಸಕ್ಕೆ ನೇಮಕಗೊಂಡಿವೆ.

ಹಾಗಾಗಿ "ಪಾಪ, ಇಲ್ಲಿನ ಜನ ಹೇಗೋ ಸಹಿಸ್ಕೊಂಡಿದ್ದಾರೆ" ಎಂಬ ಮಾತು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಸಹಿಸಬೇಕಾದರೆ ಮೊದಲು ಗೊತ್ತಾಗಬೇಕು. ಅಮ್ಮ ಏನನ್ನೂ ಸಹಿಸುತ್ತಿಲ್ಲ. ಇನ್ನೊಂದು ಕಡೆಯದೂ ಹೇಳಬೇಕು. ಅವಳು ನಮ್ಮ ಬೆಂಗಳೂರಿನ ಮನೆಗೆ ಬಂದವಳು ಚಪ್ಪಲಿ ಬಿಡುವಾಗಲೇ "ನಿಮ್ಮನೇಲಿ ಏನೋ ಒಂಥರಾ ಕಮಟು ಬರ್ತೈತಲ್ಲ" ಅಂದಳು. ಬೆಳಿಗ್ಗೆ ನೆಲ ಒರೆಸಿ, ಏರ್ ಫ್ರೆಶ್ನರ್ ಹೊಡೆದು ಕಾದಿದ್ದ ನನ್ನ ಹೆಂಡತಿಯ ಮುಖ ನೋಡಬೇಕಿತ್ತು. ನಾವಿಬ್ಬರೂ ಮನೆಯೆಲ್ಲ ಮೂಸಿ ನೋಡಿದೆವು. ನಮಗೆ ಏನೂ ಸಿಗಲಿಲ್ಲ. ಬಚ್ಚಲಿನದೋ, ಮುಚ್ಚಿದ ಬೀರುವಿನದೋ, ಆ ಫ್ರೆಶ್ನರಿನದೇ ಇರಬಹುದೋ. ನಮ್ಮ ಮನೆಯ ವಾಸನೆಗೆ ನಾವು ಸಾಕ್ಷಿಗಳಲ್ಲ.

ಸದ್ದು ನಿಂತಾಗ

ನಾನು ಚಿಕ್ಕವನಿದ್ದಾಗ ಹಳ್ಳಿಯ ಮನೆಯಲ್ಲಿ ಹುಳಕ್ಕೆ ಬೇರೆ ಶೆಡ್ ಇರಲಿಲ್ಲ. ನಡುಮನೆಯಲ್ಲೇ ಸ್ಟ್ಯಾಂಡು, ಅದರ ಮೇಲೆ ಅಂತಸ್ತು ಅಂತಸ್ತಾಗಿ ಬಿದಿರಿನ ತಟ್ಟೆಗಳು, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು. ಹುಳ ಕಟ್ಟಿದ ದಿನದಿಂದ ಗೂಡು ಬಿಡಿಸುವ ತನಕ ಮನೆ ನಮ್ಮದಲ್ಲ, ಅವುಗಳದು. ಬೀಡಿ ಸೇದುವ ತಾತ ಹೊರಗಡೆಯೇ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳ ಮುಟ್ಟುವಂತಿಲ್ಲ. ನಾವು ಮಕ್ಕಳು ಸ್ಟ್ಯಾಂಡಿನ ಪಕ್ಕದ ಓಣಿಯಷ್ಟು ಜಾಗದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ನಾಲ್ಕನೇ ಜ್ವರ, ಅಂದರೆ ಹುಳ ಕೊನೆಯ ಸಲ ಚರ್ಮ ಕಳಚುವ ನಿದ್ದೆ, ಎದ್ದ ಮೇಲೆ ಹುಳಗಳ ಹಸಿವು ನೋಡಿದವರಿಗೇ ಗೊತ್ತು. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇಕಡ 80ಕ್ಕೂ ಹೆಚ್ಚು ಈ ಕೊನೆಯ ಒಂದು ವಾರದಲ್ಲೇ ಖಾಲಿಯಾಗುತ್ತದೆ. ಆಗ ತಟ್ಟೆಗಳಿಂದ ಬರುವ ಸದ್ದು ಸೋಗೆ ಸೂರಿನ ಮೇಲೆ ಬೀಳುವ ಜಿಟಿಜಿಟಿ ಮಳೆಯ ಹಾಗೆ. ಸಾವಿರಾರು ಬಾಯಿಗಳು ಸೊಪ್ಪು ಕತ್ತರಿಸುವ ಸದ್ದು. ಹೊಸಬರಿಗೆ ನಿದ್ದೆ ಬರುತ್ತಿರಲಿಲ್ಲ. ಪೇಟೆಯಿಂದ ಬಂದ ನಮ್ಮ ಸೋದರತ್ತೆ ಮಗ ಒಂದು ರಾತ್ರಿ ಮಳೆ ಅಂತಲೇ ತಿಳಿದು, ಅಂಗಳದಲ್ಲಿ ಒಣಗಲು ಹಾಕಿದ್ದ ತನ್ನ ಶರಟು ತರಲು ಎದ್ದು ಹೋಗಿದ್ದ.

ಆ ಸದ್ದಿನಲ್ಲಿ ಅಮ್ಮ ದಣಿದು ಒಳ್ಳೆಯ ನಿದ್ದೆ ಮಾಡುತ್ತಿದ್ದಳು. ನಾನು ಕೆಮ್ಮಿದರೆ ಏಳುತ್ತಿರಲಿಲ್ಲ, ನಾಯಿ ಬೊಗಳಿದರೆ ಏಳುತ್ತಿರಲಿಲ್ಲ. ಆದರೆ ಸೊಪ್ಪು ಖಾಲಿಯಾಗಿ ಆ ಸದ್ದು ಕಡಿಮೆಯಾಗುತ್ತ ನಿಂತುಬಿಟ್ಟರೆ, ಅವಳು ಎದ್ದು ಕೂತಿರುತ್ತಿದ್ದಳು. ಗಡಿಯಾರವಿಲ್ಲ, ಯಾರೂ ಎಬ್ಬಿಸಿಲ್ಲ. ಲಾಟೀನು ದೊಡ್ಡದು ಮಾಡಿ, ಒದ್ದೆ ಗೋಣಿ ಮುಚ್ಚಿದ್ದ ಸೊಪ್ಪಿನ ಮೂಟೆ ಬಿಚ್ಚಿ, ಒಂದೊಂದೇ ತಟ್ಟೆಗೆ ಹರಡಿ, ಮತ್ತೆ ಸದ್ದು ಶುರುವಾದ ಮೇಲೆ ಮಲಗುವಳು. "ಹೆಂಗಮ್ಮ ಗೊತ್ತಾಯ್ತು?" ಅಂದರೆ "ಮನೆ ಸುಮ್ನಾಯ್ತಲ್ಲ" ಅನ್ನುವಳು. ಕೇಳದೆ ಇದ್ದ ಸದ್ದು ನಿಂತದ್ದು ಅವಳಿಗೆ ಕೇಳಿಸುತ್ತಿತ್ತು.

ಇದು ಒಗಟಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಮಾಸ್ಕೋದ ಮನೋವಿಜ್ಞಾನಿ ಯೆವ್ಗೆನಿ ಸೊಕೊಲೋವ್ ಅವರ ಕೆಲಸದ ಬಗ್ಗೆ ಓದಿದಾಗ. ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಮೊದಮೊದಲು ಬೆಚ್ಚಿ ಅತ್ತ ತಿರುಗುವ ದೇಹ ಬರಬರುತ್ತ ಸುಮ್ಮನಾಗುತ್ತದೆ. ಇದು ನರಗಳ ದಣಿವು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಬರಬೇಕಾದ ಹೊತ್ತಿಗೆ ಸದ್ದು ಬರದೆ ಹೋದರೆ, ಅಥವಾ ಬೇಗ ನಿಂತರೆ, ದೇಹ ಮತ್ತೆ ಬೆಚ್ಚುತ್ತದೆ. ದಣಿದ ನರ ಮೌನಕ್ಕೆ ಬೆಚ್ಚಲಾರದು. ಮಿದುಳು ಆ ಸದ್ದಿನ ಒಂದು ಪಡಿಯಚ್ಚನ್ನು ಒಳಗೆ ಕಟ್ಟಿಕೊಂಡಿರುತ್ತದೆ, ಹೊರಗಿನದು ಅದಕ್ಕೆ ಹೊಂದುತ್ತಿರುವ ತನಕ ನಮ್ಮನ್ನು ಎಬ್ಬಿಸುವುದಿಲ್ಲ ಎಂಬುದು ಸೊಕೊಲೋವ್ ವಿವರಣೆ. ಮಿದುಳಿನ ತಜ್ಞ ಕಾರ್ಲ್ ಪ್ರಿಬ್ರಮ್ ಇದಕ್ಕೆ ಹೊಂದುವ ಒಂದು ಕಥೆ ಹೇಳುತ್ತಿದ್ದರು. ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಬೀದಿಯ ಮೇಲೆ ಓಡುತ್ತಿದ್ದ ಎತ್ತರದ ರೈಲು 1955ರಲ್ಲಿ ನಿಂತ ಮೇಲೆ, ಅಕ್ಕಪಕ್ಕದ ಜನ ನಡುರಾತ್ರಿ ಎದ್ದು ಏನೋ ಆಗಿದೆ ಅಂತ ಪೊಲೀಸರಿಗೆ ಫೋನ್ ಮಾಡುತ್ತಿದ್ದರಂತೆ. ಹೊತ್ತು ನೋಡಿದರೆ ಮೊದಲು ರೈಲು ಹಾದುಹೋಗುತ್ತಿದ್ದ ಹೊತ್ತು. ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ನಮ್ಮಮ್ಮನನ್ನು ನೋಡಿದ ನನಗಂತೂ ನಂಬಲು ಕಷ್ಟವಿಲ್ಲ.

ಹಾಗಾದರೆ ಒಗ್ಗುವುದು ಎಂದರೆ ಮಂಕಾಗುವುದಲ್ಲ. ಗೊತ್ತಿರುವುದನ್ನು ಒಳಗಿನ ಲೆಕ್ಕಕ್ಕೆ ಸೇರಿಸಿಕೊಂಡು, ಆ ಲೆಕ್ಕ ತಪ್ಪುವುದನ್ನು ಕಾಯುವುದು.

ಹುಳದ ಮೂಗು, ರೀಲರನ ಕೈ

ವಾಸನೆಯ ವಿಜ್ಞಾನದಲ್ಲಿ ರೇಷ್ಮೆಹುಳಕ್ಕೇ ಒಂದು ದೊಡ್ಡ ಜಾಗವಿದೆ ಅನ್ನುವುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಬೇಯದೆ ಉಳಿದ ಬಿತ್ತನೆ ಗೂಡಿನಿಂದ ಹೊರಬರುವ ಚಿಟ್ಟೆ ಏನೂ ತಿನ್ನುವುದಿಲ್ಲ, ಸರಿಯಾಗಿ ಹಾರುವುದೂ ಇಲ್ಲ. ಹೆಣ್ಣು ಚಿಟ್ಟೆ ಒಂದು ವಾಸನೆ ಬಿಡುತ್ತದೆ, ಗಂಡು ರೆಕ್ಕೆ ಬಡಿಯುತ್ತ ಅದನ್ನು ಹುಡುಕಿಕೊಂಡು ಬರುತ್ತದೆ, ಬದುಕೆಲ್ಲ ಅಷ್ಟೇ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಅದರ ರಚನೆ ಹೇಳಿದರು. ಹೆಸರು ಬಾಂಬಿಕಾಲ್. ರಾಸಾಯನಿಕವಾಗಿ ಗುರುತಿಸಿದ ಜಗತ್ತಿನ ಮೊದಲ ಫೆರೊಮೋನ್ (ಒಂದೇ ಜಾತಿಯ ಜೀವಿಗಳು ಒಂದಕ್ಕೊಂದು ಸುದ್ದಿ ಕಳಿಸುವ ವಸ್ತು) ಇದು. ಗಂಡು ಚಿಟ್ಟೆಯ ಮೀಸೆಯ ಒಂದು ನರಕೋಶ ಮಿಡಿಯಲು ಇದರ ಒಂದೇ ಅಣು ಸಾಕು ಎಂದು ಕೈಸ್ಲಿಂಗ್ ಮತ್ತು ಪ್ರೀಸ್ನರ್ 1970ರಲ್ಲಿ ತೋರಿಸಿದರು. ಆದರೆ ಒಂದು ಮಿಡಿತಕ್ಕೆ ಚಿಟ್ಟೆ ಹೊರಡುವುದಿಲ್ಲ. ವಾಸನೆ ಇಲ್ಲದಾಗಲೂ ಆ ಕೋಶಗಳು ಆಗೊಮ್ಮೆ ಈಗೊಮ್ಮೆ ತಮ್ಮಷ್ಟಕ್ಕೆ ಮಿಡಿಯುತ್ತಲೇ ಇರುತ್ತವೆ. ಆ ಗದ್ದಲದ ಮೇಲೆ ಸುಮಾರು ಇನ್ನೂರು ಮಿಡಿತ ಹೆಚ್ಚಾಗಿ ಬಂದಾಗಲೇ ರೆಕ್ಕೆ ಅಲುಗುವುದು. ಅಷ್ಟು ಚುರುಕು ಮೂಗೂ ಕೊನೆಗೆ ನೋಡುವುದು ವ್ಯತ್ಯಾಸವನ್ನೇ.

ಕೈಗೂ ಇದೇ ಕಾನೂನು. ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋದಾಗ ನಾನು ನೋಡುತ್ತಿದ್ದದ್ದು ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಕೈಯನ್ನು. ಅಪ್ಪನ ಲಾಟನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದ ಒಬ್ಬ ಭಾಯ್ ಇದ್ದರು. ಮೇಲಿನ ಗೂಡನ್ನು ಅವರು ನೋಡುತ್ತಲೇ ಇರಲಿಲ್ಲ. ಮೇಲೆ ಎಲ್ಲರೂ ಚೆನ್ನಾಗಿರುವುದನ್ನೇ ಹಾಕಿರುತ್ತಾರೆ, ಅಪ್ಪನೂ ಹಾಕುತ್ತಿದ್ದ. ಮೊಣಕೈ ತನಕ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಮೆಲ್ಲಗೆ ಅದುಮಿ, ಹೆಬ್ಬೆರಳಲ್ಲಿ ಉಜ್ಜಿ, ಒಂದೆರಡನ್ನು ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗಿನ ಹುಳ ಚೆನ್ನಾಗಿದ್ದರೆ ಗಳಗಳ ಅನ್ನುತ್ತದೆ, ಸತ್ತು ಕರಗಿ ಅಂಟಿದ್ದರೆ ಸದ್ದಿಲ್ಲ. ಆಮೇಲೆ ರೇಟು. ಈ ಲಾಟಿನಲ್ಲಿ ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಹೋಗುತ್ತದೋ ಒಂಬತ್ತು ಹೋಗುತ್ತದೋ, ಅವರ ಲಾಭನಷ್ಟವೆಲ್ಲ ಆ ಲೆಕ್ಕದಲ್ಲಿ. ಅದನ್ನು ಅವರು ಬಾಯ್ಲರು ಹಚ್ಚುವ ಮೊದಲೇ ಅಂಗೈಯಲ್ಲಿ ಮಾಡಿ ಮುಗಿಸಿರುತ್ತಿದ್ದರು. ಅಪ್ಪನ ಕಣ್ಣು ಅವರ ಮುಖದ ಮೇಲೆ. ಭಾಯ್ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ "ಹೆಂಗೆ ಗೊತ್ತಾಗತ್ತೆ ಭಾಯ್?" ಅಂದೆ. "ಕೈಯಲ್ಲಿ ಐತೆ, ಬಾಯಲ್ಲಿ ಬರಲ್ಲ ಬೇಟಾ" ಅಂದು ನಕ್ಕರು. ಈಗ ಹರಾಜು ಮೊಬೈಲಿನಲ್ಲಿ. ರೇಟು ಒತ್ತುವುದು ಬೆರಳು, ಆದರೆ ಅದಕ್ಕೆ ಮೊದಲು ಕೈ ಲಾಟಿನೊಳಕ್ಕೆ ಇಳಿದೇ ಇಳಿಯುತ್ತದೆ.

ಆ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಸುಮ್ಮನೆ ಇಟ್ಟ ಬೆರಳಿಗೆ ನುಣುಪು ಒರಟು ಸರಿಯಾಗಿ ತಿಳಿಯುವುದಿಲ್ಲ, ಸರಿದಾಡಿದರೆ ಮಾತ್ರ ತಿಳಿಯುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಡೇವಿಡ್ ಕಾಟ್ಸ್ 1925ರಲ್ಲೇ ತೋರಿಸಿದ್ದ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಸರಿದಾಡುವ ಬೆರಳಿನ ಮಿತಿ ಹುಡುಕಿದಾಗ, ಬರೀ 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿರುವ ಮೈಯನ್ನೂ ಸುಕ್ಕಿಲ್ಲದ ಮೈಯಿಂದ ಬೇರೆ ಎಂದು ಜನ ಗುರುತಿಸಿದರು. ರೇಷ್ಮೆಯ ಎಳೆಯೇ ಅದರ ಸಾವಿರ ಪಟ್ಟಿಗಿಂತ ದಪ್ಪ. ಭಾಯ್ ಅವರ ಕೈಯಲ್ಲಿ ಮಂತ್ರವಿರಲಿಲ್ಲ. ಎಲ್ಲರ ಕೈಯಲ್ಲೂ ಇರುವ ಸೂಕ್ಷ್ಮವನ್ನು ಯಾವ ವ್ಯತ್ಯಾಸದ ಕಡೆ ತಿರುಗಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಲೈಪ್‌ಜಿಗ್‌ನ ಅರ್ನ್ಸ್ಟ್ ವೇಬರ್ 1834ರಲ್ಲಿ ಸ್ಪರ್ಶದ ಬಗ್ಗೆ ಬರೆದಾಗ ಹೇಳಿದ್ದೂ ಇದರ ನೆಂಟನೇ. ಕೈಯಲ್ಲಿ ಎತ್ತಿ ನೋಡಿದರೆ ಸುಮಾರು ನಲವತ್ತರಲ್ಲಿ ಒಂದು ಪಾಲು ತೂಕ ಹೆಚ್ಚಾದಾಗ ವ್ಯತ್ಯಾಸ ತಿಳಿಯುತ್ತದೆ. ಒಂದು ಕಿಲೋಗೆ 25 ಗ್ರಾಂ, ಹತ್ತು ಕಿಲೋಗೆ 250 ಗ್ರಾಂ. ನೂಲು ಬಿಚ್ಚುವ ತೊಟ್ಟಿಯ ಮುಂದೆ ಕೂತ ಹೆಂಗಸರನ್ನು ನೋಡಿದರೆ ಈ ನಿಯಮ ಕಣ್ಣೆದುರೇ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಎಂಟು ಗೂಡಿನ ಎಳೆ ಸೇರಿ ಒಂದು ನೂಲಾಗುತ್ತಿರುವಾಗ ಒಂದು ಗೂಡು ಮುಗಿದರೆ ಅವರು ಎಣಿಸದೆಯೇ ಹೊಸದನ್ನು ಸೇರಿಸುತ್ತಾರೆ. ಇಪ್ಪತ್ತು ಗೂಡು ಕುಣಿಯುತ್ತಿದ್ದರೆ ಒಂದು ಕಡಿಮೆಯಾದದ್ದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಹೋದದ್ದು ಅದೇ ಒಂದು, ಉಳಿದದ್ದು ಎಷ್ಟು ಅನ್ನುವುದರ ಮೇಲೆ ಅದು ಕಾಣುವುದು.

ನೀರಿಗೆ ಬಂದ ವಾಸನೆ

ಮತ್ತೆ ಮೂಗಿಗೆ. ಗಾಜು ಏರಿಸಿದ ಗೆಳೆಯರ ಮೂಗಿನಲ್ಲಿ ನಡೆಯುವುದು ಬರೀ ಅಣುಗಳ ಕೆಲಸವಲ್ಲ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಎಡ್ವಿನ್ ಸ್ಲಾಸನ್ 1899ರಲ್ಲಿ ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದ. ತುಂಬಿದ ತರಗತಿಯಲ್ಲಿ ಬಾಟಲಿಯಿಂದ ಹತ್ತಿಯ ಮೇಲೆ ಏನೋ ಸುರಿದು, ಮುಖ ದೂರ ಹಿಡಿದುಕೊಂಡು, ವಾಸನೆ ಬಂದವರು ಕೈ ಎತ್ತಿ ಅಂದ. ಹದಿನೈದು ಸೆಕೆಂಡಿನಲ್ಲಿ ಮುಂದಿನ ಸಾಲಿನ ಹೆಚ್ಚಿನವರ ಕೈ ಮೇಲಿತ್ತು. ನಲವತ್ತು ಸೆಕೆಂಡಿನಲ್ಲಿ "ವಾಸನೆ" ಕೋಣೆಯ ಹಿಂದಿನ ತುದಿ ತಲುಪಿತ್ತು, ಮುಕ್ಕಾಲು ಪಾಲು ಜನ ತಮಗೆ ಬಂತು ಅಂದರು. ಸುರಿದದ್ದು ಬಟ್ಟಿ ಇಳಿಸಿದ ನೀರು. ನೂರು ವರ್ಷದ ಹತ್ತಿರ ಹತ್ತಿರ ಆದ ಮೇಲೆ ಪಮೇಲಾ ಡಾಲ್ಟನ್ ಇದನ್ನೇ ಬೇರೆ ರೀತಿ ಕೇಳಿದರು. ಒಂದೇ ವಾಸನೆಯನ್ನು ಮೂರು ಗುಂಪಿಗೆ ಕೊಟ್ಟು, ಇದು ಒಳ್ಳೆಯದು ಎಂದು ಒಂದಕ್ಕೆ, ಅಪಾಯ ಇರಬಹುದು ಎಂದು ಇನ್ನೊಂದಕ್ಕೆ ಹೇಳಿ, ಮೂರನೆಯದಕ್ಕೆ ಎರಡೂ ಬಗೆಯದನ್ನು ಹೇಳದೆ ಬಿಟ್ಟರು. ಅಪಾಯ ಎಂದು ಕೇಳಿದವರನ್ನು ಬಿಟ್ಟು ಉಳಿದವರಿಗೆ ವಾಸನೆ ಹೊತ್ತು ಕಳೆದಂತೆ ಕಡಿಮೆಯಾಯಿತು. ಆ ಗುಂಪಿಗೆ ಮಾತ್ರ ಹೆಚ್ಚಾಗುತ್ತಾ ಹೋಯಿತು.

"ಆ ಬೀದಿ ಜನಾನೇ ಹಂಗೆ" ಅಂತ ಮೂಗು ಮುಚ್ಚಿಕೊಂಡು ಹೇಳುವವರನ್ನು ಕಂಡರೆ ನನಗೆ ಈ ಪ್ರಯೋಗ ನೆನಪಾಗುತ್ತದೆ. ವಾಸನೆಯಿಂದ ಅಸಹ್ಯ ಹುಟ್ಟುತ್ತದೆ ಅಂತ ಅವರು ತಿಳಿದಿದ್ದಾರೆ. ಎಷ್ಟೋ ಸಲ ಅಸಹ್ಯ ಮೊದಲೇ ಬಂದು ಕೂತು ವಾಸನೆಯನ್ನು ಹೋಗಗೊಡುವುದಿಲ್ಲ. ಅಮ್ಮನಿಗೆ ಆ ವಾಸನೆ ಎಂದರೆ ಫಿಲೇಚರ್ ನಡೆಯುತ್ತಿದೆ, ಗೂಡಿಗೆ ರೇಟಿದೆ ಅಂತ. ಅವಳ ಮೂಗು ಬೇಗ ಸುಮ್ಮನಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಇದನ್ನು ಎಳೆದುಕೊಂಡು ಹೋಗಿ "ವಾಸನೆಯೆಲ್ಲ ಮನಸ್ಸಿನದು" ಅನ್ನುವವರ ಜೊತೆ ನಾನಿಲ್ಲ. ಗೂಡು ಬೇಯಿಸಿದ ನೀರು ಚರಂಡಿಯಲ್ಲಿ ನಿಂತು ಕೊಳೆಯುವುದು ನಿಜ. ಅದಕ್ಕೆ ಅಳತೆಯೂ ಇದೆ. ಯುರೋಪಿನಲ್ಲಿ ಕಾರ್ಖಾನೆಗಳ ವಾಸನೆ ಅಳೆಯಲು ಬಳಸುವ ಪ್ರಮಾಣದಲ್ಲಿ ಯಂತ್ರದ ಕೆಲಸ ಗಾಳಿಯನ್ನು ತೆಳು ಮಾಡುವುದಷ್ಟೇ. ತೀರ್ಪು ಕೊಡುವುದು ಮನುಷ್ಯರ ಮೂಗು. ಬ್ಯುಟನಾಲ್ ಎಂಬ ವಸ್ತುವನ್ನು ಶತಕೋಟಿಯಲ್ಲಿ 20ರಿಂದ 80 ಪಾಲಿನ ನಡುವೆ ಗುರುತಿಸುವವರನ್ನೇ ಆರಿಸುತ್ತಾರೆ, ಅದಕ್ಕಿಂತ ಚುರುಕಾದವರೂ ಬೇಡ, ಮಂದವಾದವರೂ ಬೇಡ. ಅವರಲ್ಲಿ ಅರ್ಧ ಜನಕ್ಕೆ ವಾಸನೆ ತಿಳಿಯುವ ಮಟ್ಟವೇ ಒಂದು ಘಟಕ. ಅಂಥ ಅಳತೆ ನಮ್ಮ ಕಡೆ ಬಂದರೆ ಊರಿನವರ ಮಾತನ್ನೂ ಹೊರಗಿನವರ ಮಾತನ್ನೂ ಪಕ್ಕಕ್ಕಿಟ್ಟು ಮಾತಾಡಬಹುದು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಮೂಗು ಒಗ್ಗಿಕೊಳ್ಳುವ ಅದೇ ಉಸಿರಿನಲ್ಲಿ ಶ್ವಾಸಕೋಶ ತಿರುಗಿಬೀಳಬಹುದು. ನೂಲು ಬಿಚ್ಚುವ ಕೆಲಸದವರಲ್ಲಿ ಅಲರ್ಜಿಯಿಂದ ಬರುವ ಆಸ್ತಮಾವನ್ನು ವೈದ್ಯರು ದಾಖಲಿಸಿದ್ದಾರೆ. ಅಲರ್ಜಿಯ ದಾರಿ ಮೂಗಿನದಕ್ಕೆ ತದ್ವಿರುದ್ಧ: ವಸ್ತು ಮತ್ತೆ ಮತ್ತೆ ಸಿಕ್ಕಷ್ಟೂ ದೇಹ ಮಂದವಾಗುವುದಿಲ್ಲ, ಚುರುಕಾಗುತ್ತದೆ. ನಮ್ಮ ಪಕ್ಕದ ಮನೆಯ ಅಕ್ಕ ಒಂದು ಫಿಲೇಚರಿನಲ್ಲಿ ಗೂಡು ಬೇಯಿಸುವ ಕಡೆ ಕೆಲಸಕ್ಕಿದ್ದರು. ರಾತ್ರಿ ಕೆಮ್ಮು, ಎದೆ ಕಟ್ಟುವುದು. ಅಮ್ಮನ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು "ಅಲ್ಲಿ ವಾಸನೆ, ಹೊಗೆ ಜಾಸ್ತಿ ಇರುತ್ತಾ?" ಅಂದರು. "ವಾಸ್ನೆ ಎಲ್ಲಿ ಸಾರ್, ಏನೂ ಇಲ್ಲ" ಅಂದರು ಅಕ್ಕ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ರಜಾ ದಿನ ಕೆಮ್ಮು ಹೇಗಿರುತ್ತೆ?" ಅಂದರು. ಅಕ್ಕ ಯೋಚಿಸಿದರು. ಹಬ್ಬಕ್ಕೆ ತವರಿಗೆ ಹೋದಾಗ ಕೆಮ್ಮು ಇರಲಿಲ್ಲವಂತೆ, ಬಂದು ಕೆಲಸಕ್ಕೆ ಹೋದ ರಾತ್ರಿಯೇ ಶುರುವಾಯಿತಂತೆ. ಅದನ್ನು ಹೇಳುತ್ತ ಹೇಳುತ್ತ ಅವರಿಗೇ ಹೊಳೆದ ಹಾಗಿತ್ತು. ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, ಆವಿಯ ಹತ್ತಿರದ ಕೆಲಸ ಬಿಡಿ ಅಂದರು. ಅಕ್ಕ ಈಗ ಅದೇ ಫಿಲೇಚರಿನಲ್ಲಿ ನೂಲನ್ನು ಮರುಸುತ್ತು ಹಾಕುವ ಕಡೆ ಇದ್ದಾರೆ. ಕೂಲಿ ಸ್ವಲ್ಪ ಕಡಿಮೆ.